ಕುಡಿಯದವನ ಆಣೆ

ಪೀರನವಾಡಿ ದಾಟಿ ಖಾನಾಪುರದ ಕಡೆಗೆ ಹೊರಟರೆ ಎಡಗಡೆಗೆ ಬಾಳಾಸಾಹೇಬರ ಲಾರಿ ಅಡ್ಡೆ. ತಗಡಿನ ಗೇಟು, ಡೀಸೆಲ್ ಹೀರಿ ಹೀರಿ ಕಪ್ಪಾದ ನೆಲ, ಒಂದು ಬೇವಿನ ಮರ, ಮರದ ಬುಡದಲ್ಲಿ ಮೊಣಕಾಲೆತ್ತರದ ಮೈಲಾರಲಿಂಗನ ಗುಡಿ. ಒಂಬತ್ತು ತಿಂಗಳ ಮೇಲೆ ಸಿದರಾಯ ಆ ಗೇಟಿನ ಮುಂದೆ ನಿಂತಾಗ ಅವನ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲಿತ್ತು. ಬಾಯಲ್ಲಿ, ಮೂರು ದಿನದಿಂದ ಬಾಯಿಪಾಠ ಮಾಡಿಕೊಂಡ ಒಂದೇ ಒಂದು ಮಾತಿತ್ತು. 'ಮಾಲಕರ, ನನಗ ಟೀಬಿ ಆಗಿತ್ತು, ಔಷಧ ಮುಗದೈತಿ, ಈಗ ಏನೂ ಇಲ್ಲ, ಡಾಕ್ಟರ ಕಾಗದ ಇಲ್ಲೈತಿ.' ಅದಕ್ಕಿಂತ ಉದ್ದ ಮಾಡಿದರೆ ದನಿ ಕೈಕೊಟ್ಟೀತು ಎಂದು ಅಷ್ಟಕ್ಕೇ ನಿಲ್ಲಿಸಿದ್ದ.

ಗೇಟು ದೂಡಿದ್ದೇ ತಡ, ಟೈರು ಬಿಚ್ಚುತ್ತಿದ್ದ ಬೀರೇಶ ಪಾನೆ ಬಿಸಾಕಿ ಎದ್ದು ಬಂದ. ಸಂಬಂಧದಲ್ಲಿ ಅಳಿಯನಾಗಬೇಕು, ವಯಸ್ಸಿನಲ್ಲಿ ಹತ್ತು ವರ್ಷ ಕಿರಿಯ; ಸ್ಟೇರಿಂಗ್ ಹಿಡಿಯುವುದನ್ನು ಸಿದರಾಯನ ಬಾಜುವಿನಲ್ಲಿ ಕುಳಿತೇ ಕಲಿತವನು.

"ಏ ಮಾವಾ, ಬಂದಿ ಏನೋ ಕಡೀಕ? ಹೆಂಗ ಸೊರಗೀದಿ ನೋಡ. ಅಲ್ಲಿ ಊಟಾ ಹಾಕತಿದ್ದಿಲ್ಲೇನ?"

"ಎಲ್ಲಿ?"

"ನನ್ನ ಮುಂದ ಏನ ಮುಚ್ಚತಿ ಬಿಡ. ಇಪ್ಪತ್ತ ವರ್ಷ ನಮಗ ಬುದ್ಧಿ ಹೇಳಕೋತ ಬಂದಿ, ಒಳಗೊಳಗ ಒಬ್ಬನ ಏರಸತಿದ್ದಿ. ನಿನ್ನಂಥಾ ಕಳ್ಳ ಈ ಅಡ್ಡೇದಾಗ ಇನ್ನೊಬ್ಬ ಇಲ್ಲ."

ಉಳಿದ ಚಾಲಕರು ನಕ್ಕರು. ನಗೆಯಲ್ಲಿ ವಿಷವಿರಲಿಲ್ಲ. ಒಬ್ಬ ಬೆನ್ನು ತಟ್ಟಿದ, ಇನ್ನೊಬ್ಬ ತನ್ನ ಚಹಾದ ಅರ್ಧ ಬಗ್ಗಿಸಿಕೊಟ್ಟ. ಇಷ್ಟು ಪ್ರೀತಿಯನ್ನು ಸಿದರಾಯ ಆ ಅಂಗಳದಲ್ಲಿ ಹಿಂದೆಂದೂ ಕಂಡಿರಲಿಲ್ಲ. ಕುಡಿಯದ, ಬೀಡಿ ಸೇದದ, ಇಸ್ಪೀಟಿಗೆ ಕೂಡದ ಅವನನ್ನು ಅವರು ದೂರದಿಂದಲೇ ಗೌರವಿಸುತ್ತ ಬಂದವರು. ಇವತ್ತು ಏನೋ ಒಂದು ಗೋಡೆ ಬಿದ್ದ ಹಾಗೆ ಮೈಮೇಲೆ ಬೀಳುತ್ತಿದ್ದರು.

ಆಫೀಸಿನ ಕೋಣೆಯಲ್ಲಿ ಬಾಳಾಸಾಹೇಬರು ಬಸಿಯಲ್ಲಿ ಚಹಾ ಊದುತ್ತಿದ್ದರು. ಹಿಂದಿನ ಗೋಡೆಗೆ ಒಂದು ಹಲಗೆ, ಹಲಗೆಗೆ ಸಾಲಾಗಿ ಮೊಳೆಗಳು, ಮೊಳೆಗೊಂದು ಕೀಲಿ. ಮೂರನೆಯ ಮೊಳೆಯಲ್ಲಿ ತನ್ನ ಗಾಡಿಯ ಕೀಲಿ ತೂಗುತ್ತಿರುವುದನ್ನು ಸಿದರಾಯ ಒಳಗೆ ಕಾಲಿಡುವ ಮೊದಲೇ ನೋಡಿಬಿಟ್ಟ.

"ಬಾ, ಕುಂದರ. ನಾಚಿಗಿ ಬ್ಯಾಡ," ಎಂದರು ಬಾಳಾಸಾಹೇಬರು. "ಮಾಯಕ್ಕ ಎಲ್ಲಾ ಹೇಳ್ಯಾಳ. ನಿನ್ನ ಕುಡಿಯೂದ ಬಿಡಸೂ ಕೇಂದ್ರಕ್ಕ ಹಾಕೇವಿ ಅಂತ ಸೆರಗ ಬಾಯಿಗೆ ಹಿಡಕೊಂಡ ಹೇಳಿದ್ಳು ಆವತ್ತ. ನಾ ಅಂದ್ನಿ, ಚಿಂತಿ ಬಿಡ ತಂಗಿ, ಮನಶ್ಯಾ ಅಂದ ಮ್ಯಾಲ ಎಡವತಾನ, ಅವನ ಕೀಲಿ ಮೊಳಿಗೇ ಇರತದ."

ಸಿದರಾಯನ ಬಾಯಿಪಾಠ ಅಲ್ಲೇ ಒಣಗಿತು. ಮಾಲಕರು ಕೇಳಲು ಬಂದಾಗ ಹೆಂಡತಿ ಮಾಯಕ್ಕ ಬೆನ್ನುನೋವು ಅಂದಿರಬೇಕು, ಕಾಮಾಲೆ ಅಂದಿರಬೇಕು ಎಂದುಕೊಂಡಿದ್ದ. ಆ ತಿಂಗಳು ಅವನು ಊರಲ್ಲಿರಲಿಲ್ಲ. ಭಾವಮೈದುನನ ಹೊಲದ ಜೋಪಡಿಯಲ್ಲಿ ಮಲಗಿ ಮಾತ್ರೆ ನುಂಗುತ್ತಿದ್ದ.

"ಬರೂ ಆದಿತವಾರ ತಲೀಗೆ ನೀರ ಹಾಕ್ಕೊಂಡ ಬಾ. ಭಂಡಾರ ಎತ್ತು, ಇನ್ನ ಮುಂದ ಮುಟ್ಟಂಗಿಲ್ಲ ಅನ್ನು, ಕೀಲಿ ತಗೋ. ಗೋವಾದ ಹಂಚಿನ ಲೋಡ ನಿಂದ."

ಈ ಅಡ್ಡೆಯ ಭಂಡಾರದ ಕಟ್ಟಳೆ ಸುತ್ತಲಿನ ಊರಿಗೆಲ್ಲ ಗೊತ್ತಿದ್ದದ್ದೇ. ಬಾಳಾಸಾಹೇಬರು ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಧರಿಸಿದವರು. ಮೈಲಾರಲಿಂಗ ಅವರ ಮನೆದೇವರಲ್ಲ. ಆದರೆ ಚಾಲಕರಲ್ಲಿ ಮುಕ್ಕಾಲು ಪಾಲು ಕುರಿ ಕಾಯ್ದ ಮನೆತನದವರು, ಅವರಿಗೆ ಪೊಲೀಸರಿಗಿಂತ ಆ ದೇವರ ಅಂಜಿಕೆ ಹೆಚ್ಚು ಎಂದು ಕಂಡುಕೊಂಡು ಹದಿನೈದು ವರ್ಷದ ಹಿಂದೆ ತಾವೇ ಹಾಕಿದ ಕಟ್ಟಳೆ ಅದು. ಕುಡಿದು ಕೆಲಸ ಕಳೆದುಕೊಂಡವನು ಆದಿತ್ಯವಾರ ಮುಂಜಾನೆ ಬಂದು, ಗುಡಿಯ ಮುಂದಿನ ಹಿತ್ತಾಳೆ ತಟ್ಟೆಯಿಂದ ದೇವರ ಅರಿಷಿಣಪುಡಿಯನ್ನು, ಅದೇ ಭಂಡಾರವನ್ನು, ಬಲಗೈ ತುಂಬ ಎತ್ತಿ ಎಲ್ಲರೆದುರು ಆಣೆ ಮಾಡಬೇಕು. ಎತ್ತಿದ ಭಂಡಾರ ತಟ್ಟೆಗೆ ತಿರುಗಿ ಹೋಗುವಂತಿಲ್ಲ. ಅದರ ಮೇಲೆ ಲಾರಿಯ ಕೀಲಿ ಬೀಳಬೇಕು, ಆಮೇಲೆ ಅದು ಹಣೆಗೆ. ಅಲ್ಲಿಯತನಕ ಅಡ್ಡೆಯಿಂದ ಒಂದು ಗಾಡಿಯೂ ಹೊರಡುವುದಿಲ್ಲ. ಆಣೆ ಮಾಡಿದವನನ್ನು ತಿರುಗಿ ಪ್ರಶ್ನೆ ಕೇಳಿದರೆ ದೇವರನ್ನೇ ಕೇಳಿದ ಹಾಗೆ. ಬೀರೇಶನೊಬ್ಬನೇ ಎರಡು ಸಲ ಎತ್ತಿ ಎರಡು ಸಲ ಕೀಲಿ ತೆಗೆದುಕೊಂಡಿದ್ದ.

ಫೈಲಿನ ಅಂಚನ್ನು ಸಿದರಾಯನ ಹೆಬ್ಬೆರಳು ಸವರುತ್ತಿತ್ತು. ಬಾಯಿ ತೆರೆಯದೆ ಕೆಲಸ ಸಿಕ್ಕಿತ್ತು. ಸುಮ್ಮನೆ ಎದ್ದು ಹೋದರೆ ಮುಗಿಯಿತು. ಆದರೆ ಬಾಳಾಸಾಹೇಬರು ಬಸಿ ಕೆಳಗಿಟ್ಟು, ತಮ್ಮ ಔದಾರ್ಯ ಪೂರ್ತಿಯಾಗಲೆಂದು ಇನ್ನೊಂದು ಮಾತು ಸೇರಿಸಿದರು.

"ಸಿಟ್ಟಾಗಬ್ಯಾಡ, ಒಂದ ಮಾತ. ಐದ ವರ್ಷದ ಹಿಂದ ಅನಮೋಡ ಘಾಟಿನ್ಯಾಗ ಗಾಡಿ ಗುಡ್ಡಕ್ಕ ಹಚ್ಚಿದಿ. ಬ್ರೇಕ್ ಹೋತು ಅಂದಿ, ನಾನೂ ನಂಬಿದ್ನಿ. ಈಗ ತಿಳೀತು. ಹೋಗ್ಲಿ ಬಿಡು, ಆದದ್ದ ಆಗಿ ಹೋತು."

ಸಿದರಾಯ ಎದ್ದು ನಿಂತ. ಫೈಲನ್ನು ಮತ್ತೆ ಕಂಕುಳಿಗೆ ಸೇರಿಸಿದ. ಬಾಯಿಂದ ಹೊರಟದ್ದು ಇಷ್ಟೇ: "ಆದಿತವಾರ ಬರತೀನ್ರಿ."

ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವನಿಗೆ ಹೊರಗಿನದೇನೂ ಕಾಣಲಿಲ್ಲ. ಆ ದಿನದ ಘಾಟು ಕಂಡಿತು. ಹಿಂದೆ ಹದಿನಾರು ಟನ್ ಹಂಚು, ಕೆಳಗೆ ಒದ್ದೆ ರಸ್ತೆ, ಕಾಲಿನ ಕೆಳಗೆ ಹತ್ತಿಯ ಹಾಗೆ ಒಳಗೊಳಗೆ ಕುಸಿದುಹೋದ ಬ್ರೇಕ್ ಪೆಡಲು. ಮುಂದೆ ಮದುವೆಯ ದಿಬ್ಬಣದ ಟೆಂಪೊ. ಅದರ ಹಿಂಬದಿಯ ಬಾಗಿಲು ತೆರೆದಿತ್ತು, ನಾಲ್ಕೈದು ಹೆಂಗಸರು ಕಾಲು ಇಳಿಬಿಟ್ಟು ಹಾಡುತ್ತಿದ್ದರು. ಒಬ್ಬಳು ಇವನ ಕಡೆ ನೋಡಿ ಕೈ ಬೀಸಿದ್ದಳು. ಎಡಕ್ಕೆ ಕಣಿವೆ, ಬಲಕ್ಕೆ ಗುಡ್ಡ. ಅವನು ಸ್ಟೇರಿಂಗನ್ನು ಬಲಕ್ಕೆ ಎಳೆದಿದ್ದ. ಎರಡು ಪಕ್ಕೆಲುಬು ಮುರಿದವು, ಹಂಚೆಲ್ಲ ಪುಡಿಯಾಯಿತು, ಟೆಂಪೊದವರು ಹಾಡುತ್ತಲೇ ತಿರುವು ದಾಟಿ ಹೋದರು. ಪೊಲೀಸರು ಕೊಳವೆ ಬಾಯಿಗಿಟ್ಟು ಊದಿಸಿದ್ದರು. ಯಂತ್ರ ಸೊನ್ನೆ ತೋರಿಸಿತ್ತು. ಆ ಕಾಗದವನ್ನು ಅವನು ಕಾದಿಡಲಿಲ್ಲ. ಕಾದಿಡಬೇಕೆಂದು ಯಾರಿಗೆ ಹೊಳೆಯುತ್ತದೆ? ಜಗತ್ತಿಗೆ ಗೊತ್ತಿದ್ದ ಸಂಗತಿ ಅದು.

ಇಪ್ಪತ್ತೆರಡು ವರ್ಷದ ದುಡಿಮೆಯಲ್ಲಿ ಸಿದರಾಯ ತನ್ನದೆಂದು ಇಟ್ಟುಕೊಂಡದ್ದು ಆ ಒಂದು ಗಳಿಗೆ. ಯಾರ ಮುಂದೆಯೂ ಆಡಿಕೊಂಡವನಲ್ಲ. ಜ್ವರದಲ್ಲಿ ಮಲಗಿ, ಮೈ ಬೆವರಿ, ನಾನು ಯಾವುದಕ್ಕೂ ಬೇಡದವನಾದೆ ಅನ್ನಿಸಿದ ದಿನಗಳಲ್ಲಿ ಅದನ್ನೊಂದು ಸಲ ನೆನೆದು ಮಗ್ಗುಲು ಬದಲಿಸುತ್ತಿದ್ದ. ಈಗ ಅದೂ ಒಬ್ಬ ಕುಡುಕನ ಕಥೆಯಾಗಿ ಅಡ್ಡೆಯ ಚಹಾದ ಜೊತೆ ತಿರುಗುತ್ತಿತ್ತು.

ಗುಂಜಿಯ ಮನೆಗೆ ಬಂದಾಗ ಮಾಯಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗಳು ತ್ರಿವೇಣಿ, ಖಾನಾಪುರದ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿರುವವಳು, ಮೂಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಗಂಡ ಚಪ್ಪಲಿ ಬಿಟ್ಟ ರೀತಿಯಲ್ಲೇ ಮಾಯಕ್ಕನಿಗೆ ವಿಷಯ ತಿಳಿಯಿತು.

"ನನ್ನ ಕುಡಕ ಮಾಡೀದಿ," ಎಂದ ಸಿದರಾಯ.

"ಮಾಡೀನಿ."

"ಬ್ಯಾರೆ ಏನೂ ಸಿಗಲಿಲ್ಲೇನ ನಿನಗ?"

"ಏನ ಸಿಗಬೇಕಿತ್ತು? ಮಾಲಕರು ಖುದ್ದ ಬಂದ ಕಟ್ಟೀ ಮ್ಯಾಲ ಕುಂತ್ರು. ಓಣ್ಯಾನ ಮಂದಿ ಸುತ್ತಲೂ ನಿಂತ್ರು. ಬೆನ್ನನೋವ ಅಂದ್ರ ಬೆಳಗಾವಿ ದವಾಖಾನಿಗೆ ನಾ ತೋರಸ್ತೀನಿ, ಎಲ್ಲಿ ಅದಾನ ಕರಿ ಅಂತಿದ್ರು. ಟೀಬಿ ಅಂದಿದ್ರ ಸಂಜೀ ಒಳಗ ಬಾವ್ಯಾಗ ನಮ್ಮ ಕೊಡಾ ಇಳಸಾಕ ಬಿಡತಿದ್ದಿಲ್ಲ." ಮಾಯಕ್ಕ ರೊಟ್ಟಿಯನ್ನು ಹೆಂಚಿಗೆ ಹಾಕಿ ಕೈ ಕೊಡವಿದಳು. "ಕುಡಕರ ಮನಿಗೆ ಮಂದಿ ಬರತಾರ್ರಿ. ಬುದ್ಧಿ ಹೇಳಾಕರೆ ಬರತಾರ. ಟೀಬಿ ಮನೀ ಮುಂದ ಹಾಯೂದ ಬಿಟ್ಟ ಬಾಜೂ ಓಣಿ ಹಿಡೀತಾರ."

"ಘಾಟಿನ್ಯಾಗೂ ನಾ ಕುಡದಿದ್ನಿ ಅಂತ. ಮಾಲಕರ ಅಂದ್ರು."

ಅದು ಅವಳಿಗೆ ಗೊತ್ತಿರಲಿಲ್ಲ. ಕೈ ಒಂದು ಕ್ಷಣ ಹಿಟ್ಟಿನ ಮೇಲೆಯೇ ನಿಂತಿತು. ಆದರೂ ಸೋಲುವ ಹೆಣ್ಣಲ್ಲ ಅವಳು.

"ಅವರು ಅಂದ್ರ ಆಗಿ ಹೋತೇನ? ಈಗ ಕೀಲಿ ಮುಖ್ಯ ಐತೋ, ಹಳೇ ಮಾತ ಮುಖ್ಯ ಐತೋ? ಇನ್ನ ಮುಂದ ಕುಡ್ಯಾಂಗಿಲ್ಲ ಅಂತ ಆಣಿ ಮಾಡ್ರಿ. ಅದ ಸುಳ್ಳ ಹೆಂಗ ಆಕ್ಕೈತಿ? ನೀವು ಕುಡ್ಯಾಂಗಿಲ್ಲಾ. ಖರೇನ ಐತಲ್ಲ. ದೇವರೂ ಸಿಟ್ಟಾಗಾಂಗಿಲ್ಲ. ನಂದಗಡದವರಿಗೂ ಹಂಗ ಹೇಳೀನಿ, ಬಿಟ್ಟಾರ ಅಂತ."

ನಂದಗಡದವರೆಂದರೆ ತ್ರಿವೇಣಿಯನ್ನು ನೋಡಿಹೋದ ಬೀಗರು. ಸೋಮವಾರ ಮಾತು ಮುಗಿಸಲು ಬರುವವರಿದ್ದರು.

"ಏನಂದ್ರು ಅವರು?"

"ಬಿಟ್ಟಿದ್ರ ಆತು ಬಿಡ್ರಿ, ನಮ್ಮ ಮನ್ಯಾಗೂ ಮೂರ ಮಂದಿ ಅದಾರ ಅಂದ್ರು."

ಮೂಲೆಯಿಂದ ಒಂದು ಸಣ್ಣ ಸದ್ದು ಬಂತು. ತ್ರಿವೇಣಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯದು. ತಲೆ ತಗ್ಗಿಸಿಯೇ ಇದ್ದಳು. ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿ, ನೆಲಕ್ಕೆ ಹೇಳಿದ ಹಾಗೆ ಹೇಳಿದಳು: "ಕುಡಕನ ಮಗಳು ನಡೀತಾಳ, ಮಾತ್ರಿ ತಗೊಂಡ ಆರಾಮ ಆದಾತನ ಮಗಳು ನಡ್ಯಾಂಗಿಲ್ಲ ಅಂದ್ರ... ನನ್ನ ಹೆಸರ ಮುಂದ ಮಾಡಿ ಏನೂ ಹೇಳಬ್ಯಾಡ ಯವ್ವಾ." ಇಷ್ಟು ಉದ್ದದ ಮಾತು ಆಡಿದ್ದಕ್ಕೆ ತಾನೇ ಬೆದರಿದವಳ ಹಾಗೆ ಎದ್ದು ಹಿತ್ತಿಲಿಗೆ ಹೋದಳು.

ಮಾಯಕ್ಕನ ತರ್ಕ ಸಿದರಾಯನ ತಲೆಯಲ್ಲಿ ಕೂತಿತು. ಮಾಡದ್ದನ್ನು ಮಾಡುವುದಿಲ್ಲ ಎಂದು ಆಣೆ ಮಾಡಿದರೆ ಯಾವ ದೇವರು ಹಿಡಿದಾನು? ನಾಲ್ಕು ದಿನ ಅದನ್ನೇ ತಿರುವಿ ಹಾಕಿದ. ಮುಂಜಾನೆ ಹೆದ್ದಾರಿಯ ಬದಿಯ ಮೋರಿಯ ಮೇಲೆ ಕುಳಿತು, ಗೋವಾ ಕಡೆಗೆ ಹೋಗುವ ಲಾರಿಗಳ ಇಂಜಿನ್ನಿನ ದನಿ ಕೇಳುತ್ತ, ಯಾವ ಚಾಲಕ ಗೇರು ತಡವಾಗಿ ಬದಲಿಸಿದ, ಯಾವನ ಲೋಡು ಎಡಕ್ಕೆ ವಾಲಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕಾಲು ತಾನಾಗಿ ಕ್ಲಚ್ಚು ಒತ್ತುತ್ತಿತ್ತು. ಕೀಲಿ ಬೇಕಿತ್ತು ಅವನಿಗೆ. ಹಸಿವಿಗಿಂತ ಹೆಚ್ಚಾಗಿ ಬೇಕಿತ್ತು. ಮನೆಯಲ್ಲಿ ಕುಳಿತು ಹೆಂಡತಿ ಬಡಿದ ರೊಟ್ಟಿ ಎಣಿಸುತ್ತ ತಿನ್ನುವುದು ಎದೆಯ ರೋಗಕ್ಕಿಂತ ಕೆಟ್ಟದ್ದೆಂದು ಆ ಒಂಬತ್ತು ತಿಂಗಳು ಕಲಿಸಿದ್ದವು.

ಶನಿವಾರ, ಅದೇ ಮೋರಿಯ ಮೇಲೆ, ಉತ್ತರ ಸಿಕ್ಕಿತು. ಬಿಟ್ಟೆ ಅನ್ನುವವನು ಹಿಡಿದಿದ್ದೆ ಎಂದು ಮೊದಲೇ ಒಪ್ಪಿದ ಹಾಗೆ. ಆಣೆಯ ಮಾತು ಖರೆಯಾದರೂ ಆಣೆಗೆ ನಿಂತದ್ದೇ ಸುಳ್ಳು. ಅವನು ಮೋರಿಯಿಂದ ಇಳಿದು ಮನೆಗೆ ಹೋಗಿ, ಹೆಂಡತಿಗೆ ಏನೂ ಹೇಳದೆ, ನಾಳೆಗೆ ಬಿಳಿ ಅಂಗಿ ಒಗೆದು ಹಾಕೆಂದ. ಮಾಯಕ್ಕ ಖುಷಿಯಿಂದ ನೀಲಿ ಹಾಕಿ ಒಗೆದಳು.

ಆದಿತ್ಯವಾರ ಏಳೂವರೆಗೆ ಅಡ್ಡೆಯಲ್ಲಿ ಎಂಟು ಲಾರಿಗಳು ಮೂತಿ ಗೇಟಿನ ಕಡೆ ಮಾಡಿ ನಿಂತಿದ್ದವು. ಗುಡಿಯ ಮುಂದೆ ನೀರು ಚಿಮುಕಿಸಿದ್ದರು. ಹಿತ್ತಾಳೆ ತಟ್ಟೆಯಲ್ಲಿ ಭಂಡಾರ ರಾಶಿ ಬಿದ್ದಿತ್ತು. ಬೀರೇಶ ಅನುಭವಸ್ಥನ ಧಾಟಿಯಲ್ಲಿ ಕಿವಿಯ ಹತ್ತಿರ ಬಂದ.

"ಮಾವಾ, ಜೋರ್ ಅನಬ್ಯಾಡ. ಅರ್ಧಾ ಅಂದು ಅರ್ಧಾ ನುಂಗಬೇಕು. ನುಂಗಿದ್ದಕ್ಕ ಆಣಿ ಹತ್ತಂಗಿಲ್ಲ. ನಾ ಎರಡ ಸಲ ಹಂಗ ಮಾಡೀನಿ."

"ನನಗ ನುಂಗೂದ ಏನೂ ಇಲ್ಲೋ," ಎಂದ ಸಿದರಾಯ.

ಬಾಳಾಸಾಹೇಬರು ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಬಂದು ನಿಂತರು. ಸಿದರಾಯ ಫೈಲನ್ನು ಗುಡಿಯ ಕಟ್ಟೆಗೆ ಇಟ್ಟು, ಬಗ್ಗಿ, ಬಲಗೈ ತುಂಬ ಭಂಡಾರ ಎತ್ತಿದ. ಅಂಗೈಯನ್ನು ಎದೆಯ ಮಟ್ಟಕ್ಕೆ ಚಾಚಿದ. ದನಿ ಕೈಕೊಡಬಹುದೆಂಬ ಭಯ ಈಗಲೂ ಇತ್ತು, ಕೈಕೊಡಲಿಲ್ಲ.

"ಮೈಲಾರಲಿಂಗನ ಭಂಡಾರ ಎತ್ತಿ ಹೇಳತೀನಿ. ಹುಟ್ಟಿದಾಗಿಂದ ನಾ ಒಂದ ಹನಿ ಶೆರೆ ಕುಡದಿಲ್ಲ. ನನಗ ಟೀಬಿ ಆಗಿತ್ತು. ಆರ ತಿಂಗಳ ಒಂದ ದಿನಾ ತಪ್ಪದ ಮಾತ್ರಿ ನುಂಗೀನಿ. ಈಗ ನನ್ನಿಂದ ಯಾರಿಗೂ ಹತ್ತಂಗಿಲ್ಲ, ಗಾಡಿ ಹೊಡ್ಯಾಕ ಗಟ್ಟಿ ಅದೀನಿ ಅಂತ ಬೆಳಗಾವಿ ಕ್ಯಾಂಪಿನ ಡಾಕ್ಟರಬಾಯಾರು ಬರದ ಕೊಟ್ಟಾರ. ಅನಮೋಡ ಘಾಟಿನ್ಯಾಗ ಬ್ರೇಕ್ ಹೋಗಿತ್ತು. ಮುಂದ ಲಗ್ನದ ಟೆಂಪೊ ಇತ್ತು. ಅದಕ್ಕ ಗುಡ್ಡಕ್ಕ ಹಚ್ಚಿದ್ನಿ. ಇಷ್ಟ ನನ್ನ ಆಣಿ. ಕೀಲಿ ಕೊಡ್ರಿ."

ಮೊನ್ನೆ ಬೆನ್ನು ತಟ್ಟಿದವನು ಎರಡು ಹೆಜ್ಜೆ ಹಿಂದೆ ಸರಿದ. ಅರ್ಧ ಚಹಾ ಕೊಟ್ಟವನು ಕೈಯಲ್ಲಿನ ಬಟ್ಟಲನ್ನು ನೋಡಿಕೊಂಡ. ಬೀರೇಶ ಮೂಗಿಗೆ ಹೆಗಲ ಮೇಲಿನ ವಲ್ಲಿ ಹಿಡಿಯುವುದೋ ಬೇಡವೋ ತಿಳಿಯದೆ ಅದರ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತ. ಬಾಳಾಸಾಹೇಬರ ಬೆರಳಿನ ಕೀಲಿ ಮುಷ್ಟಿಯೊಳಗೆ ಹೋಯಿತು.

"ಇದೇನೋ ಇದು ಹೊಸಾದು ಹಚ್ಚೀದಿ," ಎಂದರು. "ಟೀಬಿ ಅಂತಿ. ಕುಡಿಯೂದ ಆಗಿದ್ರ ಬ್ಯಾರೆ ಮಾತು."

"ಯಾಕ್ರಿ ಬ್ಯಾರೆ?"

"ಕುಡದಾವ ತಾ ಒಬ್ಬ ಹಾಳ ಆಕ್ಕಾನ. ಇದು ಹಂಗಲ್ಲ."

"ಕುಡದಾವ ಘಾಟಿನ್ಯಾಗ ಬಸ್ಸಿಗೆ ಗುದ್ದಿದ್ರ ತಾ ಒಬ್ಬನ ಸಾಯತಾನೇನ್ರಿ?"

ಒಬ್ಬಿಬ್ಬರು ನೆಲ ನೋಡಿದರು. ಬಾಳಾಸಾಹೇಬರು ಕೆಟ್ಟವರಲ್ಲ. ಅಡ್ಡೆಯ ಯಾವ ಚಾಲಕನ ಮನೆಯಲ್ಲಿ ಸಾವು-ಮಣ್ಣಾದರೂ ಮೊದಲು ಹೋಗಿ ನಿಲ್ಲುವವರು. ಹೆದರಿದ್ದರು, ಅಷ್ಟೇ. ಹೆದರಿದ ಮನುಷ್ಯನಿಗೆ ಕಾಗದ ತೋರಿಸಿ ಉಪಯೋಗವಿಲ್ಲವೆಂದು ಸಿದರಾಯನಿಗೆ ಗೊತ್ತಿತ್ತು. ಫೈಲಿನ ಕಡೆ ಅವರ ಕೈ ಹೋಗಲಿಲ್ಲ, ಅವನೂ ತೆಗೆದು ನೋಡಿರೆನ್ನಲಿಲ್ಲ.

"ಮುಂದಿನ ವಾರ ಬಾ, ವಿಚಾರ ಮಾಡೂಣು," ಎಂದರು.

"ಎತ್ತಿದ ಭಂಡಾರ ಎಲ್ಲಿ ಇಡಲ್ರಿ ಒಂದ ವಾರ?"

"ಸಿದರಾಯ, ಅದು ಕುಡಕರಿಗೆ ಹಾಕಿದ ಕಟ್ಟಳಿ."

"ಕುಡಕರಿಗೆ ಐತಿ, ಕುಡೀದವಗ ಇಲ್ಲೇನ್ರಿ?"

ಹಿಂದಿನಿಂದ ಯಾರೋ ನಕ್ಕು, ಕೂಡಲೇ ಕೆಮ್ಮಿದ ಹಾಗೆ ಮಾಡಿದರು. ಕೆಮ್ಮಿದ್ದಕ್ಕೆ ಎಲ್ಲರೂ ತಿರುಗಿ ನೋಡಿದರು. ನಕ್ಕವನು ಗಾಬರಿಯಾಗಿ, "ನಂದ ತಂಬಾಕದ ಕೆಮ್ಮರೀ," ಎಂದ.

ಬಾಳಾಸಾಹೇಬರು ಸೋತು ಸೋಲದವರ ಹಾಗೆ ಚಾಲಕರ ಕಡೆ ತಿರುಗಿದರು. "ನಾ ಕೀಲಿ ಕೊಡತೀನಿ ಅಂತ ತಿಳೀರಿ. ಗೋವಾಕ್ಕ ಇಬ್ಬರ ಬೇಕು. ಒಂದ ಕ್ಯಾಬಿನ್ನಿನ್ಯಾಗ ಇವನ ಬಾಜೂ ಯಾರ ಕುಂದರತೀರಿ? ಹೇಳ್ರಿ."

ಸಿದರಾಯ ತಿರುಗಿ ನೋಡಲಿಲ್ಲ. ನೋಡಿದರೆ ಬೀರೇಶನ ಮುಖವನ್ನೇ ನೋಡಬೇಕಾಗುತ್ತಿತ್ತು. ಬೇವಿನ ಮರದಲ್ಲಿ ಕಾಗೆ ಕೂಗಿತು. ರಸ್ತೆಯ ಮೇಲೆ ಮಿಲಿಟರಿ ಗಾಡಿಗಳ ಸಾಲೊಂದು ಹಾಯ್ದು ಹೋಯಿತು. ಅಷ್ಟು ಹೊತ್ತಾದರೂ ಯಾರೂ ಹೂಂ ಅನ್ನಲಿಲ್ಲ. ಅದು ಚುಚ್ಚಿತು. ಆದರೆ ಚುಚ್ಚಿದ ಜಾಗದಲ್ಲೇ ಏನೋ ಗಟ್ಟಿಯಾಗುತ್ತಲೂ ಇತ್ತು.

"ಯಾರೂ ಬ್ಯಾಡ್ರಿ," ಎಂದ. "ಖಾನಾಪುರದ ಭಟ್ಟಿಯಿಂದ ಇಟ್ಟಂಗಿ ತರಾಕ ಒಬ್ಬನ ಸಾಕು. ಅದನ್ನ ಕೊಡ್ರಿ."

"ಕೈ ಇಳಸೋ ಮಾರಾಯಾ ಮದಲ."

"ಕೀಲಿ ಬಿದ್ದ ಮ್ಯಾಲ ಇಳಸ್ತೀನಿ."

ಬಾಳಾಸಾಹೇಬರು ಆಫೀಸಿಗೆ ಹೋಗಿ ಬಾಗಿಲೆಳೆದುಕೊಂಡರು. ಸಿದರಾಯ ನಿಂತಲ್ಲೇ ನಿಂತ. ಎತ್ತಿದ ಭಂಡಾರದ ಮೇಲೆ ಕೀಲಿ ಬಿದ್ದಿರಲಿಲ್ಲ, ಹೀಗಾಗಿ ಎಂಟು ಲಾರಿಗಳೂ ನಿಂತವು. ಬಿಸಿಲು ಬೇವಿನ ಎಲೆಗಳ ನಡುವಿನಿಂದ ಇಳಿದು ಮೊದಲು ಅವನ ತಲೆಗೆ, ಆಮೇಲೆ ಮುಖಕ್ಕೆ ಬಂತು. ಚಾಚಿದ ತೋಳು ನಡುಗಲು ಶುರುವಾಯಿತು. ಒಂಬತ್ತು ತಿಂಗಳಲ್ಲಿ ಕರಗಿದ ಮಾಂಸ ಇನ್ನೂ ಪೂರ್ತಿ ತಿರುಗಿ ಬಂದಿರಲಿಲ್ಲ. ಅಂಗೈಯಿಂದ ಅರಿಷಿಣ ಸ್ವಲ್ಪ ಸ್ವಲ್ಪವೇ ಸುರಿದು ಅಂಗಿಯ ತೋಳಿಗೆ, ಪಾದಕ್ಕೆ ಬೀಳುತ್ತಿತ್ತು. ಕೈ ಬದಲಿಸುವಂತಿಲ್ಲ, ಎಡಗೈಯ ಆಸರೆ ಕೊಡುವಂತಿಲ್ಲ. ಅವನು ಸ್ಟೇರಿಂಗ್ ಹಿಡಿದಾಗ ಮಾಡುತ್ತಿದ್ದಂತೆ ಭುಜ ಸಡಿಲಬಿಟ್ಟು, ಉಸಿರನ್ನು ಕೆಳಹೊಟ್ಟೆಗೆ ಇಳಿಸಿ, ಗೇಟಿನ ಆಚೆಗಿನ ರಸ್ತೆಯನ್ನು ನೋಡುತ್ತ ನಿಂತ.

ಎಂಟು ಗಂಟೆಗೆ ತರಕಾರಿ ಮಾರುಕಟ್ಟೆಯಿಂದ ಫೋನ್ ಬಂತು. ಎಂಟೂವರೆಗೆ ಭಟ್ಟಿಯಿಂದ ಬಂತು. ಒಳಗಿನಿಂದ ಬಾಳಾಸಾಹೇಬರ ದನಿ, "ಹೊರಟಾವ್ರಿ, ಈಗ ಹೊರಟಾವ," ಅನ್ನುವುದು ಕೇಳಿಸುತ್ತಿತ್ತು. ಚಾಲಕರು ಟೈರಿನ ಮೇಲೆ, ಕಟ್ಟೆಯ ಮೇಲೆ ಕುಳಿತು ಗೊಣಗಿದರು. ಒಬ್ಬ, "ಇಳಸಾಕ ಹೇಳ್ರಿ ಅವಗ," ಅಂದರೆ ಇನ್ನೊಬ್ಬ, "ನೀ ಹೋಗಿ ಇಳಸ, ದೇವರ ಕೈಯಾಗ ಸಿಗತಿ," ಅಂದ.

ಬೀರೇಶ ಎದ್ದ. ಆಫೀಸಿನ ಬಾಗಿಲನ್ನು ತಟ್ಟದೆ ದೂಡಿದ. ಒಳಗೆ ಅವನು ಅಂದದ್ದು ಅಂಗಳಕ್ಕೆಲ್ಲ ಕೇಳಿಸಿತು.

"ಮಾಲಕರ, ನಾ ಎರಡ ಸಲ ಸುಳ್ಳ ಎತ್ತೀನಿ, ಎರಡ ಸಲಾನೂ ಐದ ಮಿನಿಟಿನ್ಯಾಗ ಕೀಲಿ ಕೊಟ್ರಿ. ಅಂವ ಒಂದ ತಾಸಾತು ಖರೇ ಹಿಡಕೊಂಡ ನಿಂತಾನ. ಅವನ ಬಾಜೂ ಕುಂದರಾಕ ನನಗೂ ಹೆದರಿಕಿ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಅದನ್ನ ನೋಡಾಕ ಇನ್ನೂ ಹೆದರಿಕಿ ಆಕ್ಕೈತಿ. ಏನರೆ ಮಾಡ್ರಿ."

ಸ್ವಲ್ಪ ಹೊತ್ತಿಗೆ ಬಾಳಾಸಾಹೇಬರು ಹೊರಬಂದರು. ಮುಖ ಕೆಂಪಾಗಿತ್ತು. ಸಿದರಾಯನ ಮುಂದೆ ಮೂರು ಅಡಿ ದೂರದಲ್ಲಿ ನಿಂತು, ಹಸ್ತ ತಗಲದ ಹಾಗೆ ತೋಳು ಎತ್ತಿ ಮೇಲಿನಿಂದ ಕೀಲಿಯನ್ನು ಕೈಬಿಟ್ಟರು. ಅದು ಅಂಗೈಯಲ್ಲಿ ದಪ್ಪನೆ ಬಿತ್ತು. ಭಂಡಾರ ಹಾರಿ ಬಾಳಾಸಾಹೇಬರ ಇಸ್ತ್ರಿಯ ಅಂಗಿಯ ಎದೆಗೆಲ್ಲ ಹಳದಿಯಾಯಿತು.

ಸಿದರಾಯ ಕೀಲಿಯನ್ನು ನೋಡಿದ. ಮೂರನೆಯ ಮೊಳೆಯದ್ದಲ್ಲ. ಕಡೆಯ ಮೊಳೆಯದ್ದು, ಹಾರ್ನು ಕೂಡ ಕೆಮ್ಮುವ ಮುದುಕ ಗಾಡಿಯದ್ದು.

"ಇವತ್ತಿಗೆ ಇದು ನಡೀತೈತಿ," ಎಂದ. "ನಂದು ಕೇಳಾಕ ತಿರಗಿ ಬರತೀನಿ. ಇನ್ನೊಂದ ಉಳೀತ್ರಿ ಮಾಲಕರ. ಘಾಟಿಂದು."

"ಏನ ಘಾಟಿಂದು?"

"ಬ್ರೇಕ್ ಹೋಗಿತ್ತು ಅನ್ರಿ. ಇವರ ಮುಂದ."

ಬಾಳಾಸಾಹೇಬರು ಅಂಗಿಯ ಹಳದಿ ಕೊಡವಿಕೊಂಡರು. ಕೊಡವಿದಷ್ಟೂ ಅದು ಹರಡಿತು. ಒಮ್ಮೆ ಗುಡಿಯ ಕಡೆ ನೋಡಿದರು, ಒಮ್ಮೆ ನಿಂತ ಲಾರಿಗಳ ಕಡೆ. "ಹೋಗಿತ್ತೋ ಯಪ್ಪಾ, ಬ್ರೇಕ್ ಹೋಗಿತ್ತು. ನಾನ ಗ್ಯಾರೇಜಿನಾವಗ ತೋರಿಸಿ ಬದಲ ಮಾಡಿಸೀನಿ. ಮರತಿದ್ನಿ. ಸಾಕಾ?"

"ಸಾಕ್ರಿ," ಎಂದು ಸಿದರಾಯ ಉಳಿದ ಭಂಡಾರವನ್ನು ಹಣೆಗೆ ಬಳಿದುಕೊಂಡ. ಕೈ ಇಳಿಸಿದಾಗ ತೋಳು ತನ್ನದಲ್ಲವೆನ್ನುವಂತೆ ತೂಗಾಡಿತು.

ಮುದುಕ ಗಾಡಿಯ ಕ್ಯಾಬಿನ್ನಿನಲ್ಲಿ, ಸೀಟಿನ ಹಿಂದೆ, ಎರಡು ಖಾಲಿ ಬಾಟಲಿಗಳು ಒಂದಕ್ಕೊಂದು ತಾಗಿ ಗಲಗಲ ಅಂದವು. ಸಿದರಾಯ ಅವನ್ನು ಕಿಟಕಿಯಿಂದ ಕೆಳಗೆ, ಬೀರೇಶನಿಗೆ ದಾಟಿಸಿದ. "ನಿನ್ನ ಸಾಮಾನ ಬಿಟ್ಟೀದಿ ನೋಡ." ಬೀರೇಶ ಮುಟ್ಟುವುದೋ ಬೇಡವೋ ಎಂದು ಅರೆಕ್ಷಣ ತಡೆದು, ಆಮೇಲೆ ಇಸಿದುಕೊಂಡ. ಮುಟ್ಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡದ್ದನ್ನು ಸಿದರಾಯ ಕನ್ನಡಿಯಲ್ಲಿ ನೋಡಿದ. ನೋಡಿಯೂ ಗೇರು ಹಾಕಿದ.

ಖಾನಾಪುರದ ಭಟ್ಟಿಯಲ್ಲಿ ಇಟ್ಟಿಗೆ ಹೊರುವ ಹೆಂಗಸರ ಮುಖಂಡಳು ಸಾತವ್ವ. ಸಿದರಾಯ ಇಳಿದದ್ದನ್ನು ಕಂಡು ಸೆರಗಿನಿಂದ ಮುಖದ ಕೆಂಪು ದೂಳು ಒರೆಸಿಕೊಂಡಳು.

"ಎಲ್ಲಿ ಸತ್ತಿದ್ಯೋ ಯಪ್ಪಾ ಇಷ್ಟ ದಿನಾ?"

"ಟೀಬಿ ಆಗಿತ್ತಬೇ."

"ಆಗಿತ್ತ ಅಂದ್ರ ಹೋತಿಲ್ಲೋ? ಮತ್ತ ಗಾಡಿ ಅಷ್ಟ ದೂರ ಯಾಕ ನಿಂದರಿಸೀದಿ? ಹಿಂದಕ್ಕ ತಗೋ, ಹೊತ್ತ ಹೊತ್ತ ಸೊಂಟಾ ಬೀಳತಾವ ನಮ್ಮವು."

ಅವನು ಗಾಡಿಯನ್ನು ಇಟ್ಟಿಗೆಯ ರಾಶಿಗೆ ಒಂದು ಗೇಣು ಅಂತರ ಬಿಟ್ಟು ಹಿಂದಕ್ಕೆ ತಂದು ನಿಲ್ಲಿಸಿದ. ಹೆಂಗಸರು ಸಾಲು ಹಿಡಿದು ತುಂಬಲು ಶುರುಮಾಡಿದ ಮೇಲೆ, ನೆರಳಿಗೆ ಸರಿದು ಮನೆಗೆ ಫೋನ್ ಹಚ್ಚಿದ. ಮಾಯಕ್ಕ ಮೊದಲ ರಿಂಗಿಗೇ ಎತ್ತಿದಳು.

"ಸಿಕ್ಕತೇನ್ರಿ?"

"ಸಿಕ್ಕತು."

"ಏನಂತ ಅಂದ್ರಿ ಭಂಡಾರದ ಮುಂದ?"

"ಇದ್ದದ್ದ ಅಂದ್ನಿ. ಟೀಬಿ ಅಂದ್ನಿ."

ಗುಂಜಿಯ ಸ್ಟೇಷನ್ನಿನಲ್ಲಿ ಯಾವುದೋ ಗೂಡ್ಸು ಗಾಡಿ ಹಾಯುವುದು ಫೋನಿನಲ್ಲಿ ಕೇಳಿಸಿತು. ಅದು ಪೂರ್ತಿ ಹೋಗುವ ತನಕ ಇಬ್ಬರೂ ಕಾದರು.

"ನಾಳೆ ನಂದಗಡದವರ ಬರತಾರ," ಎಂದಳು ಮಾಯಕ್ಕ.

"ಬರಲಿ. ನಾ ರಜಾ ಹಾಕಂಗಿಲ್ಲ, ನಾಳೆನೂ ಲೋಡ ಐತಿ. ಸಂಜೀಕ ಬಂದ ನಾನ ಹೇಳತೀನಿ ಅವರಿಗೆ."

"ನೀವು ಗಾಡಿ ಹೊಡೀರಿ. ಸುಳ್ಳ ಹೇಳಿದಾಕಿ ನಾನು, ಖರೇನೂ ನಾನ ಹೇಳತೀನಿ." ಅವಳು ಮೂಗು ಏರಿಸಿದ ಸದ್ದಾಯಿತು, ಆಮೇಲೆ ದನಿ ಎಂದಿನ ಹಾಗೆ ಚೂಪಾಯಿತು. "ಅವರು ಬರೂ ತನಕ ಯಾಕ ಕಾಯೂದು? ಈಗ ಬಾಜೂ ಮನಿ ಅಕ್ಕವ್ವಗ ಹೇಳಿ ಬರತೀನಿ. ಮಧ್ಯಾಹ್ನದೊಳಗ ನಂದಗಡಕ್ಕ ಮುಟ್ಟತೈತಿ. ಬರಾವರು ತಿಳಕೊಂಡ ಬರಲಿ, ಬ್ಯಾಡಾದಾವರು ಮನ್ಯಾಗ ಕುಂದರಲಿ. ತ್ರಿವೇಣಿ ಹೂಂ ಅಂತಾಳ, ಇಲ್ಲೇ ನಿಂತಾಳ."

ಫೋನ್ ಇಟ್ಟುಬಿಟ್ಟಳು. ಲಾರಿಯ ಮೇಲಿನಿಂದ ಸಾತವ್ವ ಕೂಗಿದಳು, ಎಡಗಡೆಗೆ ಭಾರ ಹೆಚ್ಚಾಯಿತೇನು ನೋಡು ಎಂದು. ಸಿದರಾಯ ನಾಲ್ಕು ಹೆಜ್ಜೆ ಹಿಂದೆ ನಡೆದು, ತಲೆ ಓರೆಮಾಡಿ, ಗಾಡಿಯನ್ನು ಹಿಂದಿನಿಂದ ನೋಡಿದ.

"ಇನ್ನೊಂದ ಸಾಲ ಬಲಕ್ಕ ಹಾಕ್ರಿ," ಎಂದ.